ಆರೂಮುಕ್ಕಾಲು ಇಂಚಿನ ಮುಖ

ಎರಡು ತಿಂಗಳಿಗೂ ಹೆಚ್ಚು ಕಾಲ ನನ್ನ ಹೊಸ ಅಂಗಿಯೊಂದು ಆರ್.ಟಿ. ನಗರದ ಅನ್ವರ್ ಸಾಬರ ಹೊಲಿಗೆ ಅಂಗಡಿಯಲ್ಲಿ ಜೇಬಿಲ್ಲದೆ ತೂಗಾಡುತ್ತಿತ್ತು. ಬಟ್ಟೆ ಸಾಲದೆ ಹೋದದ್ದಲ್ಲ, ಸಾಬರು ಮರೆತದ್ದೂ ಅಲ್ಲ. ಜೇಬಿನ ಅಳತೆಯನ್ನು ನಾನು ಕೊಡಬೇಕಿತ್ತು, ನನಗೇ ಅದು ಗೊತ್ತಿರಲಿಲ್ಲ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟ ಮೇಷ್ಟರೊಬ್ಬ ತನ್ನ ಎದೆಯ ಮೇಲಿನ ಒಂದು ಆಯತದ ಉದ್ದ ಅಗಲ ಹೇಳಲಾರದೆ ಒದ್ದಾಡಿದ ಕಥೆ ಇದು. ನೀವು ನಗಬಹುದು. ನನ್ನ ಹೆಂಡತಿ ಸುಧಾ ಆಗಲೇ ನಕ್ಕು ಮುಗಿಸಿದ್ದಾಳೆ.

ಸಾಬರ ತರ್ಕದಲ್ಲಿ ತಪ್ಪಿರಲಿಲ್ಲ. ಅವರು ನನಗೆ ಅಂಗಿ ಹೊಲಿಯಲು ಶುರು ಮಾಡಿದ ಕಾಲಕ್ಕೆ ಜೇಬಿಗೆಲ್ಲ ಒಂದೇ ಅಳತೆ. ಒಂದು ಪೆನ್ನು, ಬಸ್ ಪಾಸು, ಮಡಿಸಿದ ಕರ್ಚೀಫು ಹಿಡಿದರೆ ಮುಗಿಯಿತು. ಈಗ ಹಾಗಲ್ಲ. ಜೇಬು ಚಿಕ್ಕದಾದರೆ ಫೋನು ಅರ್ಧ ಹೊರಗೆ ನಿಂತು, ಯಜಮಾನ ಬಗ್ಗಿದೊಡನೆ ಬಕೆಟ್ಟಿಗೋ ಮೋರಿಗೋ ಹಾರುತ್ತದೆ. ಬೈಸಿಕೊಳ್ಳುವವನು ಮಾತ್ರ ದರ್ಜಿ. ಅದಕ್ಕೇ ಸಾಬರು ಒಂದು ನಿಯಮ ಮಾಡಿಕೊಂಡಿದ್ದರು.

"ಫೋನ್ ತಗೊಂಡ್ ಬನ್ನಿ ಮೇಷ್ಟ್ರೇ, ಟೇಬಲ್ ಮೇಲಿಡಿ. ಜೇಬು ಹತ್ತು ನಿಮಿಷದ ಕೆಲಸ. ಮೊದ್ಲು ಜೇಬಿಗೆ ತಕ್ಕಂಗೆ ಸಾಮಾನು ಇರ್ತಿತ್ತು, ಈಗ ಸಾಮಾನಿಗೆ ತಕ್ಕಂಗೆ ಜೇಬು. ಏನ್ ಮಾಡೋದು, ಜಮಾನಾನೇ ಹಂಗಿದೆ."

ಇರುವ ಫೋನಿಗೇ ಹೊಲಿದುಬಿಡಿ ಎಂದು ನಾನು ಹೇಳಬಹುದಿತ್ತು. ಆದರೆ ಇರುವುದನ್ನು ಬದಲಾಯಿಸಬೇಕೆಂದು ಗಟ್ಟಿಯಾಗಿ ತೀರ್ಮಾನಿಸಿದ್ದೆ. ಅದರ ಜಾಗಕ್ಕೆ ಯಾವುದು ಎಂಬುದಷ್ಟೇ ತೀರ್ಮಾನವಾಗಿರಲಿಲ್ಲ. ನನ್ನ ಬಾಳಿನ ಬಹುಪಾಲು ಇಂಥ ಎರಡು ತೀರ್ಮಾನಗಳ ನಡುವಿನ ಓಣಿಯಲ್ಲೇ ಕಳೆದಿದೆ.

ಕೊಳ್ಳುವ ವಿಷಯ ಬಂದರೆ ನನ್ನ ಕಾಲು ಒಂದೆಡೆ ನಿಲ್ಲುವುದಿಲ್ಲ. ಒಮ್ಮೆ ಮಿಕ್ಸಿ ಕೊಳ್ಳಲು ನಾಲ್ಕು ತಿಂಗಳು ತೆಗೆದುಕೊಂಡೆ. ಅಷ್ಟರಲ್ಲಿ ಸುಧಾ ಹಳೆಯದನ್ನೇ ಎರಡು ಸಲ ರಿಪೇರಿ ಮಾಡಿಸಿದ್ದಳು, ಹೊಸದು ಮನೆಗೆ ಬಂದ ದಿನ "ಇದ್ಯಾಕೆ ತಂದ್ರಿ" ಅಂದಳು. ಅಂಗಡಿಯವನು ಒಂದನ್ನು ತೋರಿಸಿದರೆ ಪಕ್ಕದ್ದು ಚೆನ್ನಾಗಿ ಕಾಣುತ್ತದೆ. ಪಕ್ಕದ್ದು ಕೈಗೆ ಬಂದರೆ ಪಕ್ಕದ ಅಂಗಡಿ ನೆನಪಾಗುತ್ತದೆ. ಹೊರಗೆ ಬಂದು ಕಾಫಿ ಕುಡಿಯುವಾಗ, ಮೊದಲು ನೋಡಿದ್ದೇ ಒಳ್ಳೆಯದಿತ್ತಲ್ಲ ಎಂದು ಜೀವ ಚಡಪಡಿಸುತ್ತದೆ. ಗಂಗಾನಗರದ ನಮ್ಮ ಬೀದಿಯಲ್ಲಿ ಇದೆಲ್ಲ ಎಲ್ಲರಿಗೂ ಗೊತ್ತು. ತರಕಾರಿ ಗಾಡಿಯವನು ನನ್ನನ್ನು ಕಂಡರೆ ಟೊಮೇಟೊ ಬುಟ್ಟಿಯನ್ನು ಸ್ವಲ್ಪ ಒಳಕ್ಕೆ ಸರಿಸಿಕೊಳ್ಳುತ್ತಾನೆ.

ಹಾಗೆಂದು ಫೋನಿನ ಹುಚ್ಚೇನೂ ನನಗೆ ಇದ್ದದ್ದಲ್ಲ. ಈ ಹುಡುಕಾಟ ಶುರುವಾದದ್ದು ಅಕ್ಕನಿಂದ.

ಅಕ್ಕ ಜಯಮ್ಮ ನನಗಿಂತ ಎಂಟು ವರ್ಷ ದೊಡ್ಡವಳು. ಶೆಟ್ಟಿಹಳ್ಳಿ ಇನ್ನೂ ಹಳ್ಳಿಯಾಗಿದ್ದಾಗ ಅಲ್ಲಿಗೆ ಸೊಸೆಯಾಗಿ ಹೋದಳು. ಈಗ ಅವರ ಹೊಲದ ಮೇಲೆ ನಾಲ್ಕು ಬೀದಿಗಳಿವೆ. ಭಾವ ಬಾಡಿಗೆ ಮನೆಗಳ ಹಿಂದೆ ಉಳಿದ ಒಂದು ತುಂಡು ನೆಲದಲ್ಲಿ ಹಟಕ್ಕೆಂದು ದಂಟಿನ ಸೊಪ್ಪು ಬೆಳೆಯುತ್ತಾರೆ. ಅಕ್ಕ ಓದಿದ್ದು ನಾಲ್ಕನೇ ಕ್ಲಾಸಿನವರೆಗೆ. ಆದರೂ ನನ್ನ ಮೊದಲ ಗಣಿತದ ಮೇಷ್ಟರು ಅವಳೇ. ನಾನು ಚಿಕ್ಕವನಿದ್ದಾಗ ಸಂಜೆ ಜಗಲಿಯಲ್ಲಿ ಸೊಪ್ಪು ಬಿಡಿಸುತ್ತಾ ಕೂತು ನನ್ನಿಂದ ಮಗ್ಗಿ ಒಪ್ಪಿಸಿಕೊಳ್ಳುತ್ತಿದ್ದಳು. ಹದಿಮೂರರ ಮಗ್ಗಿಯಲ್ಲಿ ಏಳಕ್ಕೆ ಬಂದರೆ ನನ್ನ ನಾಲಗೆ ತಪ್ಪದೆ ತೊಂಬತ್ತಮೂರು ಅನ್ನುತ್ತಿತ್ತು. ಅಕ್ಕ ತಲೆ ಎತ್ತದೆ ಒಂದು ದಂಟನ್ನು ನನ್ನ ಮೇಲೆ ಎಸೆಯುತ್ತಿದ್ದಳು. ಮತ್ತೆ ಒಂದರಿಂದ ಶುರು.

ಅವಳು ಮದುವೆಯಾಗಿ ಹೋದ ಮೇಲೂ ನಮ್ಮ ಸಂಜೆಯ ಮಾತು ನಿಲ್ಲಲಿಲ್ಲ. ಎರಡೂ ಮನೆಗೆ ಫೋನು ಬಂದಾಗಿನಿಂದ ಆರೂವರೆಗೆ ನಾನು ಅಕ್ಕನಿಗೆ ಫೋನು ಮಾಡುತ್ತೇನೆ. ವಿಷಯ ಎಂಥದ್ದೂ ಇರುವುದಿಲ್ಲ. ಅವರೇಕಾಯಿ ಬಂತಾ, ಬೋರಿನಲ್ಲಿ ನೀರು ಹೇಗಿದೆ, ನಿನ್ನ ಮಂಡಿ ಹೇಗಿದೆ, ನನ್ನ ಮಂಡಿ ಹೀಗಿದೆ. ಅರ್ಧ ಗಂಟೆ ಹೋದದ್ದೇ ಗೊತ್ತಾಗುತ್ತಿರಲಿಲ್ಲ. ಎರಡು ವರ್ಷದಿಂದೀಚೆಗೆ ಈ ಅರ್ಧ ಗಂಟೆ ಸವೆಯತೊಡಗಿತು. ಅಕ್ಕ ಎಲ್ಲದಕ್ಕೂ "ಊಂ, ಒಳ್ಳೇದಾಯ್ತು ಬುಡು" ಅನ್ನತೊಡಗಿದಳು. ಹಲ್ಲು ಕೀಳಿಸಿಕೊಂಡೆ ಎಂದೆ, ಒಳ್ಳೆಯದಾಯಿತು. ಸುಧಾ ಮೆಟ್ಟಿಲಲ್ಲಿ ಜಾರಿ ಬಿದ್ದಳು ಎಂದೆ, ಅದೂ ಒಳ್ಳೆಯದಾಯಿತು. ಸುಧಾ ಎರಡು ದಿನ ಮುಖ ಊದಿಸಿಕೊಂಡಿದ್ದಳು. ಆಮೇಲೆ ಅವಳೇ ನಿಧಾನವಾಗಿ ಹೇಳಿದಳು, "ಅಕ್ಕಂಗೆ ಕಿವಿ ಕೇಳ್ತಿಲ್ಲ ಕಣ್ರೀ. ಹೇಳ್ಕೊಳ್ಳೋಕೆ ನಾಚ್ಕೆ ಅವ್ರಿಗೆ."

ಕಿವಿ ಡಾಕ್ಟರಿಗೆ ತೋರಿಸಿದ್ದಾಯಿತು, ಕಿವಿಗೆ ಹಾಕುವ ಮಿಷನ್ನೂ ಬಂತು. ಒಂದು ವಾರ ಹಾಕಿಕೊಂಡ ಅಕ್ಕ ಅದನ್ನು ಬೀರುವಿನಲ್ಲಿ ಬಳೆಗಳ ಜೊತೆ ಇಟ್ಟುಬಿಟ್ಟಳು. ಕುಕ್ಕರ್ ಕೂಗಿದರೆ ತಲೆಯೊಳಗೆ ರೈಲು ಓಡುತ್ತದಂತೆ. ಫೋನಿನ ಮಾತಂತೂ ಅದರಲ್ಲಿ ಬರೀ ಗೊರಗೊರ ಅನ್ನುತ್ತದಂತೆ. ಮನೆಗೆ ಹೋಗಿ ಎದುರು ಕೂತರೆ ಮಾತ್ರ ನನ್ನ ಒಂದು ಮಾತೂ ಅವಳಿಗೆ ತಪ್ಪುತ್ತಿರಲಿಲ್ಲ. ಇದು ಹೇಗೆ ಎಂದು ನನಗೆ ಬಹಳ ದಿನ ತಿಳಿಯಲಿಲ್ಲ. ಒಂದು ದಿನ ಕಾಫಿ ಕುಡಿಯುತ್ತಾ ಲೋಟವನ್ನು ಬಾಯಿಗೆ ಅಡ್ಡ ಹಿಡಿದೇ ಏನೋ ಹೇಳಿದೆ. ಅಕ್ಕನ ಮುಖ ಒಮ್ಮೆಲೇ ಖಾಲಿಯಾಯಿತು. ಲೋಟ ಇಳಿಸಿದೆ, ಮುಖಕ್ಕೆ ಜೀವ ಬಂತು. ಅವಳು ನನ್ನ ತುಟಿಗಳನ್ನು ಓದುತ್ತಿದ್ದಳು. ಯಾರೂ ಹೇಳಿಕೊಡದ ವಿದ್ಯೆ, ನಾಲ್ಕನೇ ಕ್ಲಾಸು ಓದಿದವಳು ಅರವತ್ತಾರನೇ ವಯಸ್ಸಿನಲ್ಲಿ ತಾನೇ ಕಲಿತುಕೊಂಡಿದ್ದಳು. ಅವತ್ತು ಬಸ್ಸಿನಲ್ಲಿ ಯಶವಂತಪುರದವರೆಗೂ ಎದುರು ಸೀಟಿನವರ ತುಟಿಗಳನ್ನೇ ನೋಡುತ್ತಾ ಕೂತೆ.

ಮರುದಿನದಿಂದ ವಿಡಿಯೋ ಕಾಲ್ ಶುರು ಮಾಡಿದೆ. ತುಟಿ ಕಾಣಲೆಂದು ಮೀಸೆಯನ್ನೂ ಅರ್ಧಕ್ಕೆ ಕತ್ತರಿಸಿಕೊಂಡೆ. ಅಕ್ಕ ಫೋನನ್ನು ಮೂಗಿನ ಹತ್ತಿರ ತಂದು, ದೂರ ಒಯ್ದು, ಮತ್ತೆ ಹತ್ತಿರ ತಂದು, "ಕಾಣಾಕಿಲ್ಲ ಕಣೋ ಸೀನ, ನಿನ್ ಮೂತಿ ಸರ್ಯಾಗಿ ಕಾಣಾಕಿಲ್ಲ" ಅಂದಳು. ನನ್ನ ಫೋನು ಐದು ಇಂಚಿನ ಹಳೆಯ ಸಾಮಾನು. ಅವಳದು ಅದಕ್ಕೂ ಒಂದು ಸುತ್ತು ಚಿಕ್ಕದು. ತಪ್ಪು ನನ್ನ ಫೋನಿನದೇ ಎಂದು ನನಗೆ ಸಂಶಯವೇ ಬರಲಿಲ್ಲ. ದೊಡ್ಡ ಸ್ಕ್ರೀನಿನ ಫೋನೊಂದನ್ನು ಕೊಂಡರೆ ನನ್ನ ತುಟಿ ಅಕ್ಕನಿಗೆ ದೊಡ್ಡದಾಗಿ ಕಾಣುತ್ತದೆ. ಈ ವಾಕ್ಯವನ್ನು ನೆನಪಿಟ್ಟುಕೊಳ್ಳಿ, ಇನ್ನು ಸ್ವಲ್ಪ ಹೊತ್ತಿಗೆ ಅದೇ ನನ್ನ ಕಿವಿ ಹಿಂಡುತ್ತದೆ.

ಹುಡುಕಾಟಕ್ಕೆ ಇಳಿದ ಮೊದಲ ದಿನವೇ ನನ್ನೊಳಗಿನ ಮೇಷ್ಟರಿಗೆ ಸಿಟ್ಟು ಬಂತು. ಫೋನಿನ ಸ್ಕ್ರೀನನ್ನು ಮೂಲೆಯಿಂದ ಮೂಲೆಗೆ ಅಳೆಯುತ್ತಾರೆ. ಉದ್ದವಲ್ಲ, ಅಗಲವಲ್ಲ, ಕರ್ಣ. ಇದೇ ಲೆಕ್ಕದಲ್ಲಿ ನಮ್ಮ ಊರಿನ ಸೈಟುಗಳನ್ನು ಮಾರಿದ್ದರೆ ಮೂವತ್ತು ನಲವತ್ತರ ಸೈಟಿನವನು ತನ್ನದು ಐವತ್ತು ಅಡಿ ಎಂದು ಹೇಳಿಕೊಂಡು ತಿರುಗಬಹುದಿತ್ತು. ಶೆಟ್ಟಿಹಳ್ಳಿಯಲ್ಲಿ ನೆಲ ಅಳೆಯುವಾಗ ಯಾರಾದರೂ ಹೀಗೆ ಟೇಪು ಹಿಡಿದಿದ್ದರೆ ನಮ್ಮ ಭಾವ ಗುದ್ದಲಿಯನ್ನೇ ಎತ್ತಿಕೊಳ್ಳುತ್ತಿದ್ದರು. ಉದ್ದ ಹೆಚ್ಚಿಸಿ ಅಗಲ ಕಡಿಮೆ ಮಾಡಿದರೂ ಕರ್ಣ ಅಷ್ಟೇ ಉಳಿಯಬಹುದು, ವಿಸ್ತೀರ್ಣ ಮಾತ್ರ ಇಳಿಯುತ್ತದೆ. ಇದನ್ನು ಅಂಗಡಿಯ ಹುಡುಗಿಗೆ ಬಿಲ್ಲಿನ ಹಿಂದೆ ಚಿತ್ರ ಬರೆದು ವಿವರಿಸಿದೆ. ಅವಳು ಕೊನೆಯವರೆಗೂ ಮರ್ಯಾದೆಯಿಂದ ಕೇಳಿದಳು. ಆಮೇಲೆ "ಬಜೆಟ್ ಎಷ್ಟು ಅಂಕಲ್?" ಅಂದಳು.

ಈ ಬಜೆಟ್ ಎಂಬ ಮಾತು ನನಗೆ ಇಷ್ಟವಾಯಿತು. ಮೊದಲೆಲ್ಲ ಅಂಗಡಿಯಲ್ಲಿ "ಕಡಿಮೆದು ತೋರಿಸಿ" ಅನ್ನಬೇಕಿತ್ತು, ಅನ್ನುವಾಗ ದನಿ ಸಣ್ಣಗಾಗುತ್ತಿತ್ತು. ಈಗ "ಬಜೆಟ್ ಮಾಡೆಲ್" ಅಂದರೆ ಸಾಕು, ಎದೆ ಉಬ್ಬಿಸಿಕೊಂಡೇ ಅನ್ನಬಹುದು. ಸರ್ಕಾರವೂ ಬಜೆಟ್ ಮಾಡುತ್ತದೆ, ನಾನೂ ಮಾಡಿದ್ದೇನೆ. ನನ್ನದು ಹದಿನೈದು ಸಾವಿರದ ಒಳಗೆ. ಆ ಗೆರೆಯ ಕೆಳಗೆ ಒಂದು ರೂಪಾಯಿ ಕಡಿಮೆ ಬೆಲೆಗೆ ಎಷ್ಟೋ ಫೋನುಗಳು ಹೊಸ್ತಿಲ ಬಳಿ ಕೂತ ಬೆಕ್ಕಿನಂತೆ ಕೂತಿದ್ದವು.

ಇನ್ನೊಂದು ವಿಚಿತ್ರ ಗಮನಿಸಿದೆ. ಬೆಲೆ ಕಡಿಮೆಯಾದಷ್ಟೂ ಸ್ಕ್ರೀನು ದೊಡ್ಡದು. ಅಂಗೈಯಲ್ಲಿ ಅಡಗುವ ಚಿಕ್ಕ ಫೋನು ಬೇಕೆಂದರೆ ನಾಲ್ಕೈದು ಪಟ್ಟು ಕೊಡಬೇಕು. ಊಟದಲ್ಲೂ ಹೀಗೇ ಅಲ್ಲವೇ? ಯಶವಂತಪುರದ ಮಾರ್ಕೆಟ್ಟಿನ ಹೋಟೆಲಿನಲ್ಲಿ ಮುದ್ದೆ ತಟ್ಟೆ ತುಂಬ ಕೂರುತ್ತದೆ. ಹೆಬ್ಬಾಳದ ದೊಡ್ಡ ಹೋಟೆಲಿನಲ್ಲಿ ಅಗಲವಾದ ತಟ್ಟೆಯ ನಡುವೆ ಗೋಲಿಯಷ್ಟು ಏನೋ ಇಟ್ಟು ಸುತ್ತ ಸಾರಿನ ಗೆರೆ ಎಳೆದಿರುತ್ತಾರೆ. ಇದ್ದವರಿಗೆ ಕಡಿಮೆ ಸಾಕು ಎನ್ನುವುದೂ ಒಂದು ಶೋಕಿ. ನಮ್ಮಂಥವರಿಗೆ ಒಂದೇ ಫೋನು ಟಿ.ವಿ., ಪೇಪರು, ಪಂಚಾಂಗ, ಕನ್ನಡಿ ಎಲ್ಲವೂ ಆಗಬೇಕು. ಮೊಮ್ಮಗುವಿಗೆ ಊಟ ಮಾಡಿಸುವ ದಾದಿಯೂ ಅದೇ. ದೊಡ್ಡದೇ ಇರಬೇಕು.

ದೊಡ್ಡದು ಸರಿ, ಎಷ್ಟು ದೊಡ್ಡದು? ಆರೂವರೆಯೋ, ಆರೂಮುಕ್ಕಾಲೋ, ಏಳಕ್ಕೆ ಮುಟ್ಟುವುದೋ? ಇಲ್ಲಿ ನನ್ನ ಕಾಲು ಮತ್ತೆ ಓಡಾಡತೊಡಗಿತು. ಸಿಹಿತಿಂಡಿಯ ಡಬ್ಬದ ರಟ್ಟನ್ನು ಕತ್ತರಿಸಿ ಮೂರು ಅಳತೆಯ ಫೋನುಗಳನ್ನು ಮಾಡಿಕೊಂಡೆ. ದಿನಕ್ಕೊಂದರಂತೆ ಹಳೆಯ ಅಂಗಿಯ ಜೇಬಿನಲ್ಲಿಟ್ಟುಕೊಂಡು ಶಾಲೆಗೆ ಹೋದೆ. ಬಗ್ಗಿದರೆ ಬೀಳುತ್ತದೆಯೇ, ಕೂತರೆ ಹೊಟ್ಟೆಗೆ ಒತ್ತುತ್ತದೆಯೇ ಎಂದೆಲ್ಲ ಪರೀಕ್ಷೆ ಮಾಡಿದೆ. ಒಂದು ಸಂಜೆ ಬಸ್ಸಿನಲ್ಲಿ ಫೋನು ಹೊಡೆದುಕೊಂಡಾಗ ಅವಸರದಲ್ಲಿ ರಟ್ಟನ್ನು ತೆಗೆದು ಕಿವಿಗಿಟ್ಟು "ಹಲೋ" ಅಂದೆ. ಪಕ್ಕದಲ್ಲಿ ಕೂತಿದ್ದವರು ಎದ್ದು ಮುಂದಿನ ಸೀಟಿಗೆ ಹೋದರು. ರಟ್ಟಿನಲ್ಲಿ ತುಪ್ಪದ ವಾಸನೆ ಇನ್ನೂ ಇತ್ತು.

ಅಷ್ಟರಲ್ಲಿ ಆಷಾಢ ಬಂತು. ಆಷಾಢದಲ್ಲಿ ಹೊಸದೇನೂ ಕೊಳ್ಳಬಾರದು ಎಂದು ಒಂದು ನೆಪ ಸಿಕ್ಕಿತು. ಆಷಾಢಕ್ಕೆಂದೇ ಬೆಲೆ ಇಳಿಸಿದ್ದಾರೆ, ಈಗಲೇ ಕೊಳ್ಳಬೇಕು ಎಂದು ಇನ್ನೊಂದು ಮನಸ್ಸು ಹೇಳಿತು. ಮುಂದಿನ ತಿಂಗಳು ಹೊಸ ಮಾಡೆಲ್ ಬರುತ್ತದೆ ಎಂದು ಯಾರೋ ಅಂದರು. ಬಂತು. ಅದು ಬಂದ ಮೇಲೆ ಹಳೆಯದರ ಬೆಲೆ ಇಳಿಯುತ್ತದೆ ಎಂದು ಇನ್ನಾರೋ ಅಂದರು. ಸಂಜಯನಗರದ ಮೂರು ಅಂಗಡಿ, ಆರ್.ಟಿ. ನಗರದ ನಾಲ್ಕು, ಯಶವಂತಪುರದ ಎರಡು, ಎಲ್ಲ ಕಡೆಯೂ ನನ್ನ ಚಪ್ಪಲಿಯ ಸದ್ದು ಗುರುತಾಗಿತ್ತು. ಈ ನಡುವೆ ಅಕ್ಕನ ಜೊತೆಗಿನ ಮಾತು ಹತ್ತು ನಿಮಿಷವಾಯಿತು, ಐದಾಯಿತು. ಒಂದು ಸಂಜೆ ಅವಳೇ "ಸಾಕು ಬುಡು ಸೀನ, ನಿಂಗೂ ಕೆಲ್ಸ ಇರ್ತದೆ" ಎಂದು ಎರಡೇ ನಿಮಿಷಕ್ಕೆ ಇಟ್ಟುಬಿಟ್ಟಳು. ಮರುದಿನ ಫೋನು ಎತ್ತಲೇ ಇಲ್ಲ. ಆರೂವರೆಯಿಂದ ಏಳರವರೆಗೆ ನಾನು ಹಾಲಿನಿಂದ ಬಾಲ್ಕನಿಗೆ, ಬಾಲ್ಕನಿಯಿಂದ ಹಾಲಿಗೆ ನಡೆದೆ. ನಾನು ಅಂಗಡಿ ಸುತ್ತುತ್ತಿರುವಾಗ ಅಕ್ಕ ನನ್ನ ಕೈ ಬಿಡುತ್ತಿದ್ದಾಳೆ ಅನ್ನಿಸಿ ಭಯವಾಯಿತು.

ಶ್ರಾವಣದ ಕೊನೆಯ ಶನಿವಾರ ನೇರವಾಗಿ ಆ ಬಜೆಟ್ ಹುಡುಗಿಯ ಅಂಗಡಿಗೆ ಹೋದೆ. ಅವಳು ಆರೂಮುಕ್ಕಾಲು ಇಂಚಿನದೊಂದನ್ನು ತೆಗೆದು, ಮುಂದಿನ ಕ್ಯಾಮೆರಾ ಹಾಕಿ ನನ್ನ ಕೈಗೆ ಕೊಟ್ಟಳು. ಸ್ಕ್ರೀನಿನ ತುಂಬ ನಾನು. ಕತ್ತರಿಸಿದ ಮೀಸೆ, ಕೀಳಿಸಿಕೊಂಡ ಹಲ್ಲಿನ ಕಿಂಡಿ, ಅದರ ಕೆಳಗೆ ಎರಡು ಬೆರಳಿನಷ್ಟು ದಪ್ಪ ತುಟಿ. "ಅ, ಆ, ಇ, ಈ" ಅಂದು ನೋಡಿದೆ. ಒಂದೊಂದು ಅಕ್ಷರವೂ ತುಟಿಯ ಮೇಲೆ ಬಿಡಿಬಿಡಿಯಾಗಿ ಕಂಡಿತು. ಅಕ್ಕನಿಗೆ ಇನ್ನು ಮೇಲೆ ನಾನು ಕಾಣುವುದು ಹೀಗೇ ಎಂದು ಹಿಗ್ಗಿದೆ. ಹಳೆಯ ಫೋನನ್ನು ಎಕ್ಸ್‌ಚೇಂಜಿಗೆ ಕೊಟ್ಟು, ಹೊಸದನ್ನು ಎರಡು ಕೈಯಲ್ಲಿ ಹಿಡಿದುಕೊಂಡು ಸಾಬರ ಅಂಗಡಿಗೆ ನಡೆದೆ.

ಸಾಬರು ಫೋನನ್ನು ಟೇಬಲ್ಲಿನ ಮೇಲಿಟ್ಟು ಸುತ್ತ ಸೀಮೆಸುಣ್ಣದ ಗೆರೆ ಎಳೆದರು. ಎರಡೂ ಬದಿಗೆ ಅರ್ಧ ಅರ್ಧ ಇಂಚು ಬಿಟ್ಟರು. "ಇದು ಜೇಬಲ್ಲ ಮೇಷ್ಟ್ರೇ, ಥೈಲಿ, ಕೈಚೀಲ" ಅಂದರು. ಹೇಳಿದಂತೆ ಹತ್ತು ನಿಮಿಷಕ್ಕೆ ಅಂಗಿ ಕೈಗೆ ಬಂತು. ಹಾಕಿಕೊಂಡರೆ ಎದೆಯ ಎಡಭಾಗವೆಲ್ಲ ಜೇಬೇ. ಸುಧಾ ನೋಡಿ, ಅರ್ಧ ಕೆಜಿ ಹುರುಳಿಕಾಯಿ ತರಲು ಇನ್ನು ಚೀಲ ಬೇಕಿಲ್ಲ ಅಂದಳು. ನನಗೆ ಅದೊಂದೂ ತಾಗಲಿಲ್ಲ. ಗಡಿಯಾರ ಆರೂವರೆ ತೋರಿಸುವುದನ್ನೇ ಕಾಯುತ್ತಿದ್ದೆ.

ಅಕ್ಕ ಫೋನು ಎತ್ತಿದಳು. ನನ್ನ ಹೊಸ ಸ್ಕ್ರೀನಿನ ತುಂಬ ಅವಳ ಮುಖ ಬಂದು ಕೂತಿತು. ಅಷ್ಟು ಹತ್ತಿರದಿಂದ ಅಕ್ಕನನ್ನು ನಾನು ಯಾವತ್ತೂ ನೋಡಿರಲಿಲ್ಲ. ಓಲೆಯ ಭಾರಕ್ಕೆ ಹರಿದು ಉದ್ದವಾದ ಕಿವಿಯ ತೂತು, ಹುಬ್ಬಿನಲ್ಲಿ ಎರಡೇ ಎರಡು ಕಪ್ಪು ಕೂದಲು, ಕುಂಕುಮದ ಪಕ್ಕ ಒಂದು ಹಳೆಯ ಗಾಯದ ಗುರುತು. "ಅಕ್ಕ, ಈಗ ಕಾಣ್ತೀನಾ?" ಅಂದೆ. ಅವಳು ಕಣ್ಣು ಕಿರಿದು ಮಾಡಿದಳು. ಹಣೆ ಗಂಟಿಕ್ಕಿತು. ಫೋನು ಮೂಗಿನವರೆಗೆ ಬಂತು. ನನ್ನ ತುಟಿಯನ್ನು ಹುಡುಕುತ್ತಾ ಅವಳ ಕಣ್ಣಿನ ಪಾಪೆ ಆ ಕಡೆ ಈ ಕಡೆ ಓಡಾಡುವುದು ನನಗೆ ಸ್ಪಷ್ಟವಾಗಿ ಕಂಡಿತು. ಕೊನೆಗೆ ಸೋತು, ಸೋತದ್ದು ಗೊತ್ತಾಗಬಾರದೆಂದು ನಕ್ಕು, "ಊಂ, ಒಳ್ಳೇದಾಯ್ತು ಬುಡು" ಅಂದಳು. ಇಷ್ಟು ದಿನ ಚಿಕ್ಕ ಸ್ಕ್ರೀನಿನಲ್ಲಿ ಆ ಸೋಲು ನನಗೆ ಕಂಡೇ ಇರಲಿಲ್ಲ. ಹದಿನೈದು ಸಾವಿರಕ್ಕೆ ನಾನು ಕೊಂಡದ್ದು ಅದನ್ನು ನೋಡುವ ಸೌಕರ್ಯ.

ಫೋನು ಕೆಳಗಿಟ್ಟೆ. ಸುಧಾ ಹೂ ಕಟ್ಟುತ್ತಿದ್ದವಳು ತಲೆ ಎತ್ತದೆಯೇ ಕೇಳಿದಳು. "ನಿಮ್ಮ ಫೋನಲ್ಲಿ ಕಾಣೋದು ಯಾರು?"

"ಅಕ್ಕ."

"ಅಕ್ಕನ ಫೋನಲ್ಲಿ?"

"ನಾನು."

"ಮತ್ತೆ ನಿಮ್ಮದು ದೊಡ್ಡದಾದ್ರೆ ದೊಡ್ಡದಾಗಿ ಕಾಣೋರು ಯಾರು?"

ಮೂವತ್ತು ವರ್ಷ ಗಣಿತ ಹೇಳಿಕೊಟ್ಟೆ ಎಂದು ಮೊದಲೇ ಹೇಳಿದ್ದೇನೆ, ಮತ್ತೆ ಹೇಳಿಸಬೇಡಿ. ಹುಟ್ಟಿದಾಗಿನಿಂದ ಕನ್ನಡಿ ನೋಡಿ ಬೆಳೆದವರ ತಪ್ಪು ಇದು. ಕನ್ನಡಿ ದೊಡ್ಡದಾದಷ್ಟೂ ಅದರಲ್ಲಿ ನಾವೇ ಹೆಚ್ಚೆಚ್ಚು ಕಾಣುತ್ತೇವೆ. ಅಂಗಡಿಯಲ್ಲಿ ಫೋನಿನೊಳಗೆ ನನ್ನದೇ ಮುಖ ಕಂಡಿತು, ಮುಖ ನೋಡಿದ ಮೇಲೆ ಬುದ್ಧಿ ಕೆಲಸ ಮಾಡಲಿಲ್ಲ. "ಮೊದ್ಲೇ ಹೇಳಬಾರ್ದಿತ್ತಾ?" ಎಂದು ಸುಧಾಳನ್ನು ಕೇಳಿದೆ. "ನೀವು ಮೂರು ರಟ್ಟು ಕತ್ತರಿಸಿದ್ರಲ್ಲ, ಒಂದು ಅಕ್ಕಂಗೆ ಅಂತಾನೇ ತಿಳ್ಕೊಂಡಿದ್ದೆ" ಅಂದಳು.

ಹೊಸ ಫೋನು ಅಕ್ಕನ ಕೈಯಲ್ಲಿರಬೇಕು. ಇದು ತಿಳಿಯಿತು. ಆದರೆ ತಿಳಿದಷ್ಟು ಸುಲಭವಾಗಿ ಕೊಡಲಾಗುವುದಿಲ್ಲ. ಅಕ್ಕನಿಗೆ ಏನಾದರೂ ಕೊಡುವುದೆಂದರೆ ಹರಿಯುವ ನೀರಿಗೆ ಗಂಟು ಹಾಕಿದಂತೆ. ಸ್ವೆಟರು ಕೊಟ್ಟರೆ ಬಾಡಿಗೆ ಮನೆಯವರ ಮಗಳಿಗೆ ಹೋಗುತ್ತದೆ. ಕಳೆದ ವರ್ಷ ಅವಳ ಮಗ ತಂದ ಫೋನನ್ನು ಡಬ್ಬ ಬಿಚ್ಚದೆ ವಾಪಸು ಕಳಿಸಿದ್ದಳು. "ಇರೋದೇ ಚೆಂದಾಗದೆ, ಮಾತಾಡಾಕೆ ಎಷ್ಟ್ ದೊಡ್ಡದು ಬೇಕು?" ಕಿವಿ ಕೇಳದವಳಿಗೆ ದುಬಾರಿ ಸಾಮಾನು ಯಾಕೆ ಎಂಬ ಸಂಕೋಚ ಆ ಮಾತಿನ ಹಿಂದೆ ಇತ್ತು. ನಾಲ್ಕು ದಿನ ಇದೇ ಯೋಚನೆಯಲ್ಲಿ ಮನೆಯೊಳಗೆ ತಿರುಗಿದೆ. ನಿದ್ದೆಯಲ್ಲೂ ಅಕ್ಕ ಬೇಡ ಅನ್ನುತ್ತಿದ್ದಳು.

ಕೊನೆಗೆ ದಾರಿ ತೋರಿಸಿದ್ದು ಕ್ಯಾಲೆಂಡರು. ಗೌರಿ ಹಬ್ಬ ಹತ್ತಿರ ಬಂದಿತ್ತು. ಪ್ರತಿ ವರ್ಷ ಹಬ್ಬಕ್ಕೆ ನಾನು ಶೆಟ್ಟಿಹಳ್ಳಿಗೆ ಹೋಗಿ, ಮೊರದಲ್ಲಿ ಅರಿಶಿನ, ಕುಂಕುಮ, ಬಳೆ, ರವಿಕೆ ಕಣ, ತೆಂಗಿನಕಾಯಿ ಇಟ್ಟು, ಬಳೆಗೆಂದು ಒಂದಿಷ್ಟು ದುಡ್ಡೂ ಸೇರಿಸಿ ಅಕ್ಕನಿಗೆ ಕೊಟ್ಟು ಬರುತ್ತೇನೆ. ತವರಿಂದ ಬಂದ ಗೌರಿ ಮೊರಕ್ಕೆ ಬೇಡ ಅನ್ನುವಂತಿಲ್ಲ. ಅಕ್ಕ ಜಗತ್ತಿನಲ್ಲಿ ಬೇಡ ಅನ್ನದ ವಸ್ತು ಅದೊಂದೇ. ಈ ಸಲ ಬಳೆ ದುಡ್ಡಿನ ಜಾಗದಲ್ಲಿ ರವಿಕೆ ಕಣದ ಮಡಿಕೆಯೊಳಗೆ ಆರೂಮುಕ್ಕಾಲು ಇಂಚಿನದನ್ನು ಮಲಗಿಸಿದೆ. ಸುಧಾ ಅದರ ಹಿಂಬದಿಗೆ ಅರಿಶಿನದ ಬೊಟ್ಟೂ ಇಟ್ಟಳು.

ಹಬ್ಬದ ಬೆಳಗ್ಗೆ ಹೊಸ ಅಂಗಿ ಹಾಕಿಕೊಂಡು ಹೋದೆ. ಅಕ್ಕ ಸೆರಗೊಡ್ಡಿ ಮೊರ ತೆಗೆದುಕೊಂಡಳು. ಬಳೆ ಮುಟ್ಟಿದಳು, ಕಾಯಿ ಮುಟ್ಟಿದಳು, ಕಣ ಬಿಚ್ಚಿದಳು.

"ಏನೋ ಇದು? ಗೌರಮ್ಮಂಗೆ ಫೋನ್ ಕೊಡೋ ಪದ್ಧತಿ ಯಾವಾಗ್ ಬಂತು?"

"ತವರಿಂದ ಬಂದಿದ್ದಕ್ಕೆ ಬೇಡ ಅನ್ನಬಾರ್ದು ಅಂತ ನೀನೇ ಹೇಳ್ತಿದ್ದೆ," ಅಂದೆ, ತುಟಿಯನ್ನು ನಿಧಾನವಾಗಿ ಆಡಿಸುತ್ತಾ.

ಅವಳಿಗೆ ಸಿಟ್ಟು ಬಂತು. ಸಿಕ್ಕಿಹಾಕಿಕೊಂಡವರಿಗೆ ಬರುವ ಸಿಟ್ಟು ಅದು. ಒಳಬಾಗಿಲಲ್ಲಿ ನಿಂತಿದ್ದ ಭಾವನ ಕಡೆ ತಿರುಗಿ ನ್ಯಾಯ ಕೇಳಿದಳು. ಭಾವ ಮಾತು ಕಡಿಮೆಯ ಮನುಷ್ಯ. "ಗೌರಿ ಮೊರದ್ದು, ಇಟ್ಕೊ" ಎಂದಷ್ಟೇ ಹೇಳಿ ಸೊಪ್ಪಿನ ಪಾತಿಗೆ ಹೋದರು. ಅಕ್ಕ ಮತ್ತೆ ನನ್ನ ಕಡೆ ನೋಡಿದಳು.

"ಮತ್ತೆ ನಿಂಗೆ?"

"ನಂಗೆ ಇದೆ ಬಿಡು."

"ಸುಳ್ಳು ಬೊಗಳ್ಬ್ಯಾಡ. ಅಷ್ಟಗಲ ಜೇಬು ಹೊಲಿಸ್ಕಂಡಿದ್ದೀಯ, ಒಳಗೆ ಏನೂ ಇಲ್ಲ."

ತವರಿನ ಮೊರ ಬರಿದಾಗಿ ಹಿಂದಿರುಗಬಾರದು ಎಂಬುದು ನಮ್ಮ ಮನೆಯಲ್ಲಿ ನಡೆದು ಬಂದ ಪದ್ಧತಿ. ಪ್ರತಿ ಸಲ ಅಕ್ಕ ನಾಲ್ಕು ಒಬ್ಬಟ್ಟು, ಒಂದು ಕಟ್ಟು ದಂಟಿನ ಸೊಪ್ಪು ಇಟ್ಟು ಕಳಿಸುತ್ತಾಳೆ. ಈ ಸಲ ಒಬ್ಬಟ್ಟು ಇಟ್ಟಳು, ಸೊಪ್ಪು ಇಟ್ಟಳು. ಆಮೇಲೆ ತನ್ನ ಹಳೆಯ ಫೋನನ್ನು ಸೆರಗಿನಲ್ಲಿ ಒರೆಸಿ ಒಬ್ಬಟ್ಟಿನ ಪಕ್ಕ ಇಟ್ಟಳು. ಈಗ ಬೇಡ ಅನ್ನಲಾಗದ ಸರದಿ ನನ್ನದು. ಅವಳ ಸಿಮ್ಮನ್ನು ದೊಡ್ಡದಕ್ಕೆ, ನನ್ನದನ್ನು ಚಿಕ್ಕದಕ್ಕೆ ಹಾಕಿ, ಕರೆ ಬಂದರೆ ಎಲ್ಲಿ ಒತ್ತಬೇಕೆಂದು ಮೂರು ಸಲ ತೋರಿಸಿ ಹೊರಟೆ.

ಬಸ್ಸಿನಲ್ಲಿ ಅಕ್ಕನ ಫೋನನ್ನು ಹೊಸ ಜೇಬಿಗೆ ಹಾಕಿದೆ. ಅದು ಸೀದಾ ತಳಕ್ಕೆ ಹೋಗಿ ಒಂದು ಮೂಲೆಯಲ್ಲಿ ಕೂತಿತು. ಟಿಕೆಟ್ಟಿಗೆ ಹುಡುಕುವಾಗ ಮಣಿಕಟ್ಟಿನವರೆಗೂ ಕೈ ಹಾಕಬೇಕಾಯಿತು. ಎರಡು ತಿಂಗಳು ಅಳತೆ ಹುಡುಕಿ, ರಟ್ಟು ಕತ್ತರಿಸಿ, ಒಂಬತ್ತು ಅಂಗಡಿ ಸುತ್ತಿ ನಾನು ಮನೆಗೆ ಒಯ್ಯುತ್ತಿದ್ದದ್ದು ಊರಲ್ಲೇ ಅತಿ ಚಿಕ್ಕ ಫೋನು, ಅದೂ ಅಂಚು ಒಡೆದದ್ದು. ವಿಚಿತ್ರವೆಂದರೆ, ಬಹಳ ದಿನದ ಮೇಲೆ ಅವತ್ತು ನಾನು ಸೀಟಿನಲ್ಲಿ ಅಲುಗಾಡದೆ ಕೂತಿದ್ದೆ.

ಆರೂವರೆಗೆ ಫೋನು ಮಾಡಿದೆ. ನನ್ನ ಸ್ಕ್ರೀನಿನಲ್ಲಿ ಅಕ್ಕ ಬೆಂಕಿಪೊಟ್ಟಣದಷ್ಟು ಬಂದಳು. ಹುಬ್ಬು, ಓಲೆ, ಗಾಯದ ಗುರುತು ಒಂದೂ ಕಾಣಲಿಲ್ಲ. ಮುಂದೆ ಮೊರ ಇಟ್ಟುಕೊಂಡು ಏನೋ ಹಸಿರು ಬಿಡಿಸುತ್ತಿದ್ದಾಳೆ ಎಂಬುದಷ್ಟೇ ತಿಳಿಯಿತು. ಫೋನನ್ನು ಗೋಡೆಗೆ ಒರಗಿಸಿಟ್ಟಿರಬೇಕು. "ಕಾಣ್ತೀನಾ?" ಎಂದು ಕೇಳಲು ಹೆದರಿಕೆಯಾಯಿತು. ಊಂ, ಒಳ್ಳೇದಾಯ್ತು ಅಂದುಬಿಟ್ಟರೆ? ಸುಮ್ಮನೆ ಏನಾದರೂ ಹೇಳಬೇಕಿತ್ತು, ಬಾಯಿಗೆ ಬಂದದ್ದನ್ನು ಹೇಳತೊಡಗಿದೆ.

"ಹದಿಮೂರೊಂದ್ಲ ಹದಿಮೂರು. ಹದಿಮೂರೆರಡ್ಲ ಇಪ್ಪತ್ತಾರು."

ಅಕ್ಕ ಸೊಪ್ಪು ಬಿಡಿಸುತ್ತಲೇ ಇದ್ದಳು. ಮೂವತ್ತೊಂಬತ್ತು, ಐವತ್ತೆರಡು, ಅರವತ್ತೈದು ದಾಟಿದೆ. ಎಪ್ಪತ್ತೆಂಟೂ ಆಯಿತು. ಅಡುಗೆಮನೆಯ ಬಾಗಿಲಿಗೆ ಬಂದು ಸುಧಾ ನಿಂತಳು. ಏಳಕ್ಕೆ ಬಂದೆ. ಬೇಕೆಂದೇ ಹೇಳಿದೆನೋ, ಹಳೆಯ ನಾಲಗೆ ತಾನೇ ಹೊರಳಿತೋ, ಇವತ್ತಿಗೂ ನನಗೆ ಗೊತ್ತಿಲ್ಲ.

"ಹದಿಮೂರೇಳ್ಲ ತೊಂಬತ್ತಮೂರು."

ಬೆಂಕಿಪೊಟ್ಟಣದಷ್ಟಿದ್ದ ಅಕ್ಕ ಕೈ ನಿಲ್ಲಿಸಿದಳು. ಹಸಿರು ಚುಕ್ಕೆಯೊಂದು ಹಾರಿ ಬಂದು ಸ್ಕ್ರೀನಿಗೆ ಬಡಿಯಿತು.

"ಮೂ ಅಂತ ತುಟಿ ಮುಂದುಕ್ಕೆ ಬಂತು, ನಾನು ನೋಡ್ದೆ. ತೊಂಬತ್ತೊಂದು ಕಣೋ. ಒಂದ್ರಿಂದ ಹೇಳು."

ಒಂದರಿಂದ ಹೇಳಿದೆ.